ಬೇಗೂರಿನ ವೀರಗಲ್ಲೂ ದೇವರ ರಾಜ್ಯವೂ

ಬೇಗೂರಿನಿಂದ ನಮ್ಮ ವಾಚಕರಾದ ಗೃಹಸ್ಥರೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರು ಕ್ರೈಸ್ತ ಕುಟುಂಬದವರು, ಸಜ್ಜನರು, ಹಬ್ಬಹುಣ್ಣಿಮೆಗಳಲ್ಲಿ ತಿಂಡಿಯ ತಟ್ಟೆಗಳು ಮೇಲಕ್ಕೂ ಕೆಳಕ್ಕೂ ಹೋಗಿಬರುವುದುಂಟು. ಸಂಜೆಯ ಹೊತ್ತು ಆ ಮನೆಯವರು ಕನ್ನಡದಲ್ಲಿಯೇ ಮಾಡುವ ಪ್ರಾರ್ಥನೆಯು ಕೆಳಗಿನವರಿಗೆ ಕೇಳಿಸುತ್ತದೆ. ದೇವರ ರಾಜ್ಯವು ಬರಬೇಕೆಂಬ ಬೇಡಿಕೆಯೊಂದು ಅದರಲ್ಲಿ ತಪ್ಪದೆ ಇರುತ್ತದೆ. ಇದನ್ನು ಕೇಳಿ ಕೇಳಿ ಆ ಗೃಹಸ್ಥರ ವೃದ್ಧ ಮಾತೃಶ್ರೀಯವರ ಮನಸ್ಸಿನಲ್ಲಿ ಸಂಶಯ ಹುಟ್ಟಿದೆ. “ಅವರ ರಾಜ್ಯ ಬರಬೇಕಾದರೆ ಯಾರ ರಾಜ್ಯ ಹೋಗಬೇಕಪ್ಪಾ?” ಎಂದು ಮಗನನ್ನು ಕೇಳಿದರಂತೆ. ಮೊಮ್ಮಗಳನ್ನು ಆಟಕ್ಕೆಂದು ಮಹಡಿಗೆ ಕಳುಹಿಸುವುದನ್ನೂ ಕಡಮೆಮಾಡಿದ್ದಾರಂತೆ. ತಾಯಿಗೆ ಏನು ಸಮಾಧಾನ ಹೇಳಬೇಕೆಂಬುದು ತಮಗೆ ತಿಳಿಯದೆಂದೂ, ನಾವು ಈ ವಿಷಯವನ್ನು ಒಂದಿಷ್ಟು ವಿಸ್ತಾರವಾಗಿ ಬರೆಯಬೇಕೆಂದೂ ಅವರು ಕೇಳಿಕೊಂಡಿದ್ದಾರೆ.

ಅಜ್ಜಿಯವರ ಪ್ರಶ್ನೆಯನ್ನು ನಾವು ಹಗುರವೆಂದು ಎಣಿಸುವುದಿಲ್ಲ. ಪಂಡಿತರು ಈ ವಿಷಯವಾಗಿ ಬರೆದ ದೊಡ್ಡ ದೊಡ್ಡ ಗ್ರಂಥಗಳಲ್ಲಿರುವ ಪ್ರಶ್ನೆಗಳಿಗಿಂತಲೂ ಇದು ನೇರವಾದುದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯೆರೂಸಲೇಮಿನಲ್ಲಿ ರೋಮ್ ಚಕ್ರವರ್ತಿಯ ಅಧಿಕಾರಿಯಾಗಿದ್ದ ಪಿಲಾತನಿಗೂ ಇದೇ ಸಂಶಯ ಬಂದಿತ್ತು. ಸೆರೆಯಾಳಾಗಿ ತನ್ನೆದುರು ನಿಂತ ಯೇಸುವನ್ನು ಅವನು ಮೊದಲು ಕೇಳಿದುದು, ನೀನು ಅರಸನೋ ಎಂಬುದನ್ನೇ. ರಾಜ್ಯವೆಂಬ ಮಾತು ಕಿವಿಗೆ ಬಿದ್ದೊಡನೆ, ಹಾಗಾದರೆ ಯಾರ ರಾಜ್ಯ ಹೋಗಬೇಕು ಎಂದು ಕೇಳುವುದು ರಾಜ್ಯಗಳ ಚರಿತ್ರೆಯನ್ನು ಬಲ್ಲವರಿಗೆ ಸಹಜವಾದುದು. ಬೇಗೂರಿನವರಂತೂ ಅದನ್ನು ಕೇಳಲೇಬೇಕು.

ಏಕೆಂದರೆ ರಾಜ್ಯವೆಂದರೇನೆಂಬುದನ್ನು ಕಲ್ಲಿನಲ್ಲಿ ಕೊರೆದು ಇಟ್ಟುಕೊಂಡ ಊರು ಬೇಗೂರು. ಈಗ ಹೊಸೂರು ರಸ್ತೆಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ ಮಹಡಿಮನೆಗಳ ಸಾಲಿನಲ್ಲಿ ಅಡಗಿಹೋಗಿರುವ ಈ ಊರು ಗಂಗರ ಕಾಲದಲ್ಲಿ ಬೆಂಪೂರೆಂಬ ಹೆಸರಿನಿಂದ ಹನ್ನೆರಡು ಹಳ್ಳಿಗಳ ಗುಂಪಿಗೆ ತಲೆಯೂರಾಗಿತ್ತು. ಇಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 900ರ ಶಾಸನವೊಂದುಂಟು. ಬೆಂಗಳೂರೆಂಬ ಹೆಸರು ನಮಗೆ ದೊರೆತಿರುವಮಟ್ಟಿಗೆ ಮೊದಲು ಕಾಣಿಸಿಕೊಳ್ಳುವುದು ಅದರಲ್ಲಿ. ಅದೂ ಒಂದು ಕಾಳಗದ ಹೆಸರಾಗಿ. ನಾಗತ್ತರನೆಂಬ ಅಧಿಕಾರಿಯ ಮನೆಯ ಆಳಾಗಿದ್ದನೆಂದು ವಿದ್ವಾಂಸರು ಹೇಳುವ ಪೆರ್ವೊಣಸೆಟ್ಟಿಯ ಹೆಸರೂ, ನಾಗತ್ತರನ ಮಗ ಬುಟ್ಟಣಪತಿಯ ಹೆಸರೂ ಆ ಕಲ್ಲಿನಲ್ಲಿವೆ. ಇಂದು ಲೋಕವೆಲ್ಲ ಬಲ್ಲ ಒಂದು ಪಟ್ಟಣದ ಹೆಸರು ಚರಿತ್ರೆಯೊಳಕ್ಕೆ ಕಾಲಿಟ್ಟುದು ಸಾವಿನ ಸುದ್ದಿಯ ಜೊತೆಯಲ್ಲಿ.

ಅದೇ ನಾಗತ್ತರನದು ಇನ್ನೊಂದು ಕಲ್ಲು. ಬೇಗೂರಿನಲ್ಲಿದ್ದ ಆ ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪರಸನು ಅಯ್ಯಪದೇವನ ಸಹಾಯಕ್ಕಾಗಿ ನಾಗತ್ತರನನ್ನು ದಂಡಿನೊಡನೆ ಕಳುಹಿಸಿದನು, ತುಂಬೆಪಾಡಿಯೆಂಬಲ್ಲಿ ಬೀರಮಹೇಂದ್ರನ ಸೇನೆಗೂ ಇವನಿಗೂ ಯುದ್ಧವಾಯಿತು, ನಾಗತ್ತರನು ಮಡಿದನು. ಸುದ್ದಿಯನ್ನು ಕೇಳಿದ ಎರೆಯಪ್ಪನು ಮೆಚ್ಚಿ, ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಆನೆ, ಕುದುರೆ, ಕತ್ತಿ, ಬಿಲ್ಲುಗಳ ನಡುವೆ ಉರುಳಿದ ಆಳುಗಳನ್ನು ಶಿಲ್ಪಿಯು ಎಷ್ಟು ಚೆನ್ನಾಗಿ ಕಡೆದಿದ್ದಾನೆಂದರೆ, ನೋಡುವವರಿಗೆ ಮೆಚ್ಚಿಕೆಯೂ ಮರುಕವೂ ಏಕಕಾಲದಲ್ಲಿ ಉಂಟಾಗುತ್ತವೆ. ರಾಜ್ಯವೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕಿಲ್ಲ. ಅದಕ್ಕೆ ಎಲ್ಲೆಯುಂಟು, ಎಣಿಸಬಹುದಾದ ಹಳ್ಳಿಗಳುಂಟು. ಅದು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದು ಹೆಣಗಳ ಮೇಲೆ. ಸತ್ತ ಆಳಿಗೆ ವೀರಸ್ವರ್ಗ, ಉಳಿದವನಿಗೆ ಹಳ್ಳಿ.

ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬೇಗೂರಿನ ಶಾಸನಗಳನ್ನು ಓದಿ ಅಚ್ಚುಮಾಡಿಸಿದ ಬಿ. ಎಲ್. ರೈಸ್ ಸಾಹೇಬರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಅವರ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವು 1905ರಲ್ಲಿ ಹೊರಬಂದಿತು. ಅವರ ತಂದೆ ಬೆಂಜಮಿನ್ ರೈಸರು ಲಂಡನ್ ಮಿಷನ್ನಿನ ಪಾದ್ರಿಗಳಾಗಿ ಇದೇ ಪಟ್ಟಣದಲ್ಲಿ ಐವತ್ತು ವರ್ಷ ದುಡಿದು 1887ರಲ್ಲಿ ತೀರಿಕೊಂಡವರು; ಕನ್ನಡ ಬೈಬಲಿನ ಪರಿಷ್ಕರಣದಲ್ಲಿಯೂ ಕೈಯಿಟ್ಟವರು. ದೇವರ ರಾಜ್ಯವನ್ನು ಕನ್ನಡದಲ್ಲಿ ಸಾರಿದವರು ತಂದೆ. ಕನ್ನಡ ನಾಡಿನ ರಾಜ್ಯಗಳ ಲೆಕ್ಕವನ್ನು ಕಲ್ಲುಗಳಿಂದ ಬಿಡಿಸಿದವರು ಮಗ. ರಾಜ್ಯವೆಂಬ ಮಾತಿನ ಎರಡು ಅರ್ಥಗಳು ಒಂದೇ ಮನೆಯಲ್ಲಿ ಬಾಳಿದುವು.

ಇನ್ನು ವಿಷಯಕ್ಕೆ ಬರೋಣ. ಕ್ರೈಸ್ತರ ಹೊಸ ಒಡಂಬಡಿಕೆಯು ಮೊದಲು ಬರೆಯಲ್ಪಟ್ಟುದು ಗ್ರೀಕ್ ಭಾಷೆಯಲ್ಲಿ. ಅದರಲ್ಲಿರುವ ಮಾತು ಬಸಿಲೇಯ. ಅದರ ಹಿಂದೆ ಯೆಹೂದ್ಯರ ಮಲ್ಖೂತ್ ಎಂಬ ಮಾತು ನಿಂತಿದೆ. ಈ ಮಾತುಗಳಿಗೆ ಅರಸನ ಸೀಮೆಯೆಂಬ ಅರ್ಥವೂ ಉಂಟು, ಅರಸನ ಆಳ್ವಿಕೆಯೆಂಬ ಅರ್ಥವೂ ಉಂಟು. ಆದರೆ ದೇವರ ವಿಷಯದಲ್ಲಿ ಹೇಳುವಾಗ ಮುಖ್ಯವಾದುದು ಎರಡನೆಯದು ಎಂಬುದರಲ್ಲಿ ಈಗ ವಿದ್ವಾಂಸರೊಳಗೆ ಬಹುಮಟ್ಟಿಗೆ ಭೇದವಿಲ್ಲ. ದೇವರು ಆಳುವುದು ಎಂಬುದೇ ಅದರ ತಿರುಳು. ದೇವರಿಗೆ ಸೇರಿದ ಇಷ್ಟು ಚದರ ಮೈಲಿ ನೆಲ ಎಂಬುದಲ್ಲ. ಜಾನ್ ಹ್ಯಾಂಡ್ಸ್ ಮೊದಲಾದವರು ಬಳ್ಳಾರಿಯಲ್ಲಿ ದುಡಿದು 1831ರ ವೇಳೆಗೆ ಪೂರ್ಣ ಬೈಬಲನ್ನು ಕನ್ನಡಕ್ಕೆ ತಂದರು. ಅಂದಿನಿಂದ ಹಲವು ಪರಿಷ್ಕರಣಗಳಾಗಿವೆ. ಈಗ ಪ್ರೊಟೆಸ್ಟಂಟರು ಹೆಚ್ಚಾಗಿ ಓದುವ ಬೈಬಲಿನಲ್ಲಿ ರಾಜ್ಯವೆಂದಿದ್ದರೆ, ಕ್ಯಾಥೊಲಿಕರು ಓದುವುದರಲ್ಲಿ ಸಾಮ್ರಾಜ್ಯವೆಂದಿದೆ. ಸಾಮ್ರಾಜ್ಯವೆಂಬ ಮಾತು ದೇವರ ಮಹಿಮೆಗೆ ಒಪ್ಪುವುದಾದರೂ, ಚಕ್ರವರ್ತಿಗಳ ರಥಚಕ್ರದ ಸದ್ದು ಅದರಲ್ಲಿ ಇನ್ನೂ ಜೋರಾಗಿ ಕೇಳುತ್ತದೆಂದು ನಮಗೆ ತೋರುತ್ತದೆ. ಆಳ್ವಿಕೆಯೆಂಬ ಅಚ್ಚಗನ್ನಡದ ಮಾತನ್ನು ಬಳಸಿದ್ದರೆ ಅಜ್ಜಿಯವರಿಗೆ ಈ ಸಂಶಯವೇ ಬರುತ್ತಿರಲಿಲ್ಲವೋ ಏನೋ.

ರಾಜ್ಯವೆಂಬ ಮಾತಿಗಿಂತಲೂ ಹೆಚ್ಚು ತೊಡಕನ್ನುಂಟುಮಾಡಿದ ಮಾತು ಮತ್ತೊಂದು. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನೂ ಲೂಕನೂ ದೇವರ ರಾಜ್ಯವೆಂದು ಬರೆಯುವ ಕಡೆಗಳಲ್ಲಿ ಮತ್ತಾಯನು ಸಾಮಾನ್ಯವಾಗಿ ಪರಲೋಕರಾಜ್ಯವೆಂದು ಬರೆಯುತ್ತಾನೆ. ಕನ್ನಡ ಓದುಗನು ಪರಲೋಕವೆಂದೊಡನೆ ಸತ್ತ ಮೇಲೆ ಹೋಗುವ ಲೋಕವನ್ನು ಭಾವಿಸುತ್ತಾನೆ. ಕ್ಯಾಥೊಲಿಕರ ಬೈಬಲಿನ ಸ್ವರ್ಗಸಾಮ್ರಾಜ್ಯವೆಂಬ ಮಾತಿನಿಂದಲೂ ಹಾಗೆಯೇ. ಆದರೆ ಮತ್ತಾಯನ ಮನಸ್ಸಿನಲ್ಲಿದ್ದುದು ಬೇರೆಯೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ದೇವರ ಹೆಸರನ್ನು ಬಾಯಿಂದ ಉಚ್ಚರಿಸಲು ಯೆಹೂದ್ಯರು ಹಿಂಜರಿಯುತ್ತಿದ್ದರು. ಅದಕ್ಕಾಗಿ ಆಕಾಶ, ಅಂದರೆ ಮೇಲಣ ಲೋಕ, ಎಂದು ಹೇಳಿ ದೇವರನ್ನು ಸೂಚಿಸುತ್ತಿದ್ದರು. ನಮ್ಮ ಸಹೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಗಂಡನ ಹೆಸರನ್ನು ಹೇಳಬಾರದೆಂದು ನಮ್ಮ ಹಿರಿಯ ಹೆಂಗಸರು ‘ನಮ್ಮ ಮನೆಯವರು’ ಎನ್ನುತ್ತಿದ್ದರು. ಆಕೆ ಹೇಳಿದುದು ಮನೆಯ ಮಾತಾದರೂ ಕೇಳಿದವರು ಮನುಷ್ಯನನ್ನೇ ತಿಳಿಯುತ್ತಿದ್ದರು, ಗೋಡೆ ಛಾವಣಿಗಳನ್ನಲ್ಲ. ಹಾಗೆಯೇ ಮತ್ತಾಯನ ಪರಲೋಕರಾಜ್ಯವು ದೇವರ ಆಳ್ವಿಕೆ. ಅದು ಸತ್ತವರ ಊರಲ್ಲ. ಬೇಗೂರಿನ ಕಲ್ಲಿನ ವೀರಸ್ವರ್ಗವೂ ಅಲ್ಲ. ಮರಣಾನಂತರದ ನಿತ್ಯಜೀವವನ್ನು ಕ್ರೈಸ್ತರು ನಂಬುವುದು ನಿಜ. ಅದು ಈ ಆಳ್ವಿಕೆಯ ಒಂದು ಭಾಗವೆಂದೂ ಅವರು ಹೇಳುವರು. ಆದರೆ ಯೇಸು ಕಲಿಸಿದ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿದವರಿಗೆ, ತಮ್ಮನ್ನು ಅಲ್ಲಿಗೆ ಕರೆದುಕೊಂಡುಹೋಗೆಂದು ಭಕ್ತರು ಬೇಡುವುದಿಲ್ಲ, ಅದು ಇಲ್ಲಿಗೆ ಬರಬೇಕೆಂದು ಬೇಡುತ್ತಾರೆ ಎಂಬುದು ತಿಳಿಯುತ್ತದೆ. ಮೇಲೆ ನಡೆಯುವಂತೆ ಭೂಮಿಯಲ್ಲಿಯೂ ದೇವರ ಚಿತ್ತ ನಡೆಯಬೇಕೆಂಬುದು ಅದರ ಮುಂದಿನ ಬೇಡಿಕೆ. ದೇವಲೋಕವೂ ಮರ್ತ್ಯಲೋಕವೂ ಎಲ್ಲೋ ಬೇರೆ ಬೇರೆಯಾಗಿಲ್ಲವೆಂಬ ಅರ್ಥದ ಶರಣರ ಮಾತುಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಭಾವನೆಯು ಅಪರಿಚಿತವಾಗಲಾರದು.

ದೇವರೇ ಅರಸನೆಂಬ ಈ ಭಾವನೆಯು ಯೇಸುವಿನ ಕಾಲಕ್ಕಿಂತ ಬಹು ಹಿಂದಿನದು. ಅದು ಹುಟ್ಟಿದುದೇ ಅರಸರ ಮೇಲಣ ಅಪನಂಬಿಕೆಯಿಂದ. ಇಸ್ರಾಯೇಲ್ ಜನರು ತಮಗೂ ನೆರೆಯವರಂತೆ ಒಬ್ಬ ಅರಸ ಬೇಕೆಂದು ಹಟಹಿಡಿದಾಗ, ಸಮುವೇಲನೆಂಬ ಪ್ರವಾದಿಯು ಅವರಿಗೆ ಎಚ್ಚರಿಕೆ ಹೇಳಿದ ಕಥೆಯೊಂದು ಹಳೆಯ ಒಡಂಬಡಿಕೆಯಲ್ಲಿದೆ. ಅರಸನು ನಿಮ್ಮ ಗಂಡುಮಕ್ಕಳನ್ನು ರಥದ ಮುಂದೆ ಓಡಿಸುವನು, ಹೆಣ್ಣುಮಕ್ಕಳನ್ನು ಅಡಿಗೆಗೂ ರೊಟ್ಟಿಗೂ ಸುಗಂಧ ಅರೆಯುವುದಕ್ಕೂ ಹಿಡಿದೊಯ್ಯುವನು, ಒಳ್ಳೆಯ ಹೊಲಗಳನ್ನು ತನ್ನವರಿಗೆ ಹಂಚುವನು, ಬೆಳೆಯಲ್ಲಿ ಹತ್ತರಲ್ಲೊಂದನ್ನು ಕಸಿಯುವನು ಎಂಬುದು ಅದರ ಸಾರ. ಜನರು ಕೇಳಲಿಲ್ಲ, ಅರಸರು ಬಂದರು, ಮುದುಕನು ಹೇಳಿದುದೆಲ್ಲ ನಡೆಯಿತು. ಮುಂದೆ ಕ್ರಿ.ಪೂ. ಆರನೆಯ ಶತಮಾನದಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟರು, ಪಾರಸಿಕರು, ಗ್ರೀಕರು ಒಬ್ಬರಾದ ಮೇಲೊಬ್ಬರು ಬಂದರು, ಕ್ರಿ.ಪೂ. 63ರಲ್ಲಿ ರೋಮನರು ಬಂದರು. ಪರರಾಜ್ಯದ ಸುಂಕಕ್ಕೆ ಸಿಕ್ಕಿ ನವೆದ ಆ ಜನರು, ದೇವರೇ ಬಂದು ಆಳುವ ದಿನವನ್ನು ಹಂಬಲಿಸಿ ಕಾದಿದ್ದರು. ಅವರಲ್ಲಿ ಕೆಲವರ ಕಣ್ಣಿನಲ್ಲಿ ಆ ದಿನವೆಂದರೆ ರೋಮನರ ಹೆಣಗಳು ಬೀಳುವ ದಿನ.

ಹೀಗೆ ಕಾದಿದ್ದವರ ನಡುವೆ ಯೇಸುವು ನಿಂತು, ದೇವರ ರಾಜ್ಯವು ಹತ್ತಿರ ಬಂದಿದೆಯೆಂದು ಸಾರಿದನು. ಜನರು ರೋಮಾಂಚಗೊಂಡರು. ಒಮ್ಮೆ ಗುಡ್ಡದ ಬಳಿ ಐದು ರೊಟ್ಟಿಗಳಿಂದ ಸಾವಿರಾರು ಮಂದಿಗೆ ಉಣಿಸಿದಾಗ, ಅವನನ್ನು ಬಲಾತ್ಕಾರದಿಂದ ಹಿಡಿದು ಅರಸನನ್ನಾಗಿ ಮಾಡುವುದಕ್ಕೇ ಹೊರಟರೆಂದು ಯೋಹಾನನು ಬರೆದಿದ್ದಾನೆ. ಯೇಸುವು ತಪ್ಪಿಸಿಕೊಂಡು ಒಬ್ಬನೇ ಬೆಟ್ಟಕ್ಕೆ ಹೋದನು. ಅವನು ಆ ರಾಜ್ಯಕ್ಕೆ ಕೊಟ್ಟ ಉಪಮಾನಗಳೂ ವಿಚಿತ್ರವಾದುವು. ಹಿಂದಿನ ಪ್ರವಾದಿಯೊಬ್ಬನು ದೇವರ ಕೆಲಸವನ್ನು ಎತ್ತರದ ದೇವದಾರು ಮರಕ್ಕೆ ಹೋಲಿಸಿದ್ದನು. ಯೇಸುವು ಸಾಸಿವೆಗೆ ಹೋಲಿಸಿದನು. ನಮ್ಮ ಬೆಂಗಳೂರು ಸೀಮೆಯ ರೈತರು ರಾಗಿಯ ಹೊಲದಲ್ಲಿ ಅವರೆ, ಹುಚ್ಚೆಳ್ಳುಗಳ ಜೊತೆಗೆ ಅಕ್ಕಡಿ ಸಾಲಿನಲ್ಲಿ ಎರಚುವ ಸಾಸಿವೆ! ಮುಖ್ಯ ಬೆಳೆಯೂ ಅಲ್ಲದ, ಒಗ್ಗರಣೆಗೆ ಮಾತ್ರ ಬೇಕಾದ ಆ ಕಾಳಿನಲ್ಲಿ ಅರಸುತನವನ್ನು ಕಾಣುವವರು ಯಾರು?

ಮತ್ತೊಂದು ಉಪಮಾನವು ಅಡಿಗೆಮನೆಯದು. ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿನಲ್ಲಿ ಸ್ವಲ್ಪ ಹುಳಿಹಿಟ್ಟನ್ನು ಅಡಗಿಸಿಟ್ಟಳು, ಎಲ್ಲವೂ ಹುದುಗಿಬಂದಿತು. ಮೂರು ಅಳತೆಯೆಂದರೆ ನೂರು ಮಂದಿಗೆ ರೊಟ್ಟಿಯಾಗುವಷ್ಟೆಂದು ಬಲ್ಲವರು ಹೇಳುತ್ತಾರೆ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆಯನ್ನು ಹೆಪ್ಪುಹಾಕಿ ಮಲಗುವ ನಮ್ಮ ಗೃಹಿಣಿಯರಿಗೆ ಇದರ ಮರ್ಮ ಒಡನೆ ತಿಳಿಯುತ್ತದೆ. ಹೆಪ್ಪು ಪಾತ್ರೆಯನ್ನು ಗೆಲ್ಲುವುದಿಲ್ಲ, ಹಾಲನ್ನು ಹೊರಕ್ಕೆ ಚೆಲ್ಲುವುದಿಲ್ಲ; ಬೆಳಗಾಗುವುದರೊಳಗೆ ಹಾಲಿನ ಗುಣವೇ ಬೇರೆಯಾಗಿರುತ್ತದೆ. ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಪಸ್ಕ ಹಬ್ಬ ಬಂದಾಗ ಯೆಹೂದ್ಯರು ಮನೆಯಲ್ಲಿ ಹುಳಿಹಿಟ್ಟಿನ ಚೂರೂ ಇಲ್ಲದಂತೆ ಗುಡಿಸಿ ತೆಗೆಯುತ್ತಿದ್ದರು; ಕೆಟ್ಟದ್ದು ಹರಡುವುದಕ್ಕೆ ಅದನ್ನು ಉದಾಹರಣೆಯಾಗಿ ಹೇಳುವುದೂ ಇತ್ತು. ಅಂಥ ವಸ್ತುವನ್ನೂ ಒಬ್ಬ ಹೆಂಗಸಿನ ಕೈಯನ್ನೂ ದೇವರ ರಾಜ್ಯಕ್ಕೆ ಸಾಮ್ಯವಾಗಿ ತಂದುದನ್ನು ಕೇಳಿ ಅಂದಿನ ಶಾಸ್ತ್ರಜ್ಞರು ಹುಬ್ಬು ಗಂಟಿಕ್ಕಿರಬೇಕು.

ಈ ಆಳ್ವಿಕೆಯು ಬಂದಾಗಿದೆಯೋ ಇನ್ನು ಬರಬೇಕೋ ಎಂಬುದು ಪಂಡಿತರ ದೊಡ್ಡ ಜಗಳ. ಜರ್ಮನಿಯ ವೈಸ್ 1892ರಲ್ಲಿಯೂ ಆಲ್ಬರ್ಟ್ ಶ್ವೈಟ್ಸರ್ 1906ರಲ್ಲಿಯೂ, ಯೇಸುವು ಸಾರಿದುದು ಬೇಗನೆ ಬರಲಿದ್ದ ಯುಗಾಂತ್ಯವನ್ನು ಎಂದರು. ಇಂಗ್ಲೆಂಡಿನ ಡಾಡ್ 1935ರಲ್ಲಿ, ಅದು ಯೇಸುವಿನಲ್ಲಿ ಬಂದೇ ಇತ್ತೆಂದರು. ಈಗ ಹೆಚ್ಚು ಮಂದಿ ಎರಡೂ ನಿಜವೆನ್ನುತ್ತಾರೆ. ಬಿತ್ತಿದ ರಾಗಿ ಮೊಳೆತಿದೆ, ಸುಗ್ಗಿ ಬಂದಿಲ್ಲವೆಂದರೆ ಒಕ್ಕಲಿಗನಿಗೆ ಅದರಲ್ಲಿ ವಿರೋಧವೇನೂ ಕಾಣದು. ರಾಜ್ಯವು ಎಲ್ಲಿದೆಯೆಂಬ ಪ್ರಶ್ನೆಗೆ ಲೂಕನ ಸುವಾರ್ತೆಯಲ್ಲಿ ಬರುವ ಗ್ರೀಕ್ ಮಾತಿಗೂ ಎರಡು ಅರ್ಥ: ನಿಮ್ಮ ಒಳಗೆ ಎಂದು ಕೆಲವರು, ನಿಮ್ಮ ನಡುವೆ ಎಂದು ಕೆಲವರು. ಕನ್ನಡದ ‘ನಿಮ್ಮಲ್ಲಿ’ ಎಂಬ ಒಂದೇ ಮಾತಿನಲ್ಲಿ ಎರಡೂ ಅಡಗುವುದರಿಂದ, ಇಂಗ್ಲಿಷಿನವರಿಗಿರುವ ಕಷ್ಟ ನಮಗಿಲ್ಲ. ರಷ್ಯದ ಟಾಲ್ಸ್‌ಟಾಯ್ ಮಹಾಶಯರು ‘ಒಳಗೆ’ ಎಂಬ ಅರ್ಥವನ್ನು ಹಿಡಿದು 1894ರಲ್ಲಿ ಒಂದು ಗ್ರಂಥವನ್ನು ಹೊರಡಿಸಿದರು. ದಕ್ಷಿಣ ಆಫ್ರಿಕದಲ್ಲಿ ಅದನ್ನು ಓದಿದ ಗಾಂಧೀಜಿಯವರ ಮೇಲೆ ಅದು ಮಾಡಿದ ಪರಿಣಾಮವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ಗಾಂಧೀಜಿಯವರು 1929ರಲ್ಲಿ, ತಾವು ರಾಮರಾಜ್ಯವೆಂದಾಗ ಹಿಂದೂಗಳ ರಾಜ್ಯವೆಂಬ ಅರ್ಥದಲ್ಲಿ ಹೇಳುವುದಿಲ್ಲ, ದೇವರ ರಾಜ್ಯವೆಂಬ ಅರ್ಥದಲ್ಲಿ ಹೇಳುತ್ತೇನೆ ಎಂದು ಬಿಡಿಸಿ ಬರೆದರು. ಅಜ್ಜಿಯವರಿಗೆ ರಾಮರಾಜ್ಯವೆಂಬ ಮಾತಿನಿಂದ ಭಯವಾಗದಿರುವುದಾದರೆ, ಮಹಡಿಯ ಮನೆಯವರ ಮಾತು ಅದರ ದಾಯಾದಿಯೆಂದು ಮಗನು ಹೇಳಬಹುದು.

ಆದರೂ ಭಯಕ್ಕೆ ಕಾರಣವೇ ಇಲ್ಲವೆಂದು ನಾವು ಹೇಳಿದರೆ ಅದು ಚರಿತ್ರೆಗೆ ಅಪಚಾರವಾದೀತು. ಉಪಮಾನದ ಸಾಸಿವೆಯನ್ನು ಮರೆತು ಬೇಗೂರಿನ ಕಲ್ಲಿನ ದಾರಿಯನ್ನು ಹಿಡಿದ ಕ್ರೈಸ್ತರು ಬಹಳ ಮಂದಿ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣವನ್ನು ಕೆಲವರು ಹಿಡಿದು, ಅದೇ ದೇವರ ರಾಜ್ಯವೆಂದು ಸಾರಿದರು. ಅಲ್ಲಿ ಅರಸನೆಂದು ಕಿರೀಟವಿಟ್ಟುಕೊಂಡವನು ಕತ್ತಿಯಿಂದ ಆಳಿದನು. ಮರುವರ್ಷ ಮುತ್ತಿಗೆ ಹಾಕಿದವರು ಕತ್ತಿಯಿಂದಲೇ ಅದನ್ನು ಮುಗಿಸಿದರು. ನಮ್ಮ ನೆರೆಯ ಗೋವೆಯಲ್ಲಿ 1560ರಿಂದ ಸುಮಾರು ಎರಡೂವರೆ ಶತಮಾನ, ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ, ಪೋರ್ತುಗೀಸರ ಮತವಿಚಾರಣೆಯ ನ್ಯಾಯಾಲಯವು ನಡೆಯಿತು. ಚೀನದಲ್ಲಿ ತಾನು ಯೇಸುವಿನ ತಮ್ಮನೆಂದು ನಂಬಿದ ಒಬ್ಬನು 1851ರಲ್ಲಿ ದೈವರಾಜ್ಯವನ್ನು ಸ್ಥಾಪಿಸಿದೆನೆಂದು ಹೊರಟನು. 1864ರಲ್ಲಿ ಅದು ಅಳಿಯುವುದರೊಳಗೆ ಸತ್ತವರು ಎರಡು ಕೋಟಿಗೆ ಕಡಮೆಯಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇವರೆಲ್ಲರ ಬಾಯಲ್ಲಿಯೂ ಅದೇ ಪ್ರಾರ್ಥನೆಯಿತ್ತು. ಇಂಥ ಅನುಭವಗಳಿಂದ ಕಲಿತೇ ಇರಬೇಕು, ತಾನೇ ದೇವರ ರಾಜ್ಯವೆಂದು ಹೇಳಿಕೊಳ್ಳುವುದನ್ನು ಕ್ಯಾಥೊಲಿಕ್ ಸಭೆಯೂ ಬಿಟ್ಟಿತು. 1964ರಲ್ಲಿ ರೋಮಿನ ಮಹಾಸಭೆಯು, ತಾನು ಆ ರಾಜ್ಯದ ಬೀಜವೂ ಆರಂಭವೂ ಎಂಬಷ್ಟಕ್ಕೆ ಮಾತನ್ನು ನಿಲ್ಲಿಸಿತು. ಬೀಜವೇ ಬೆಳೆಯಲ್ಲವಷ್ಟೆ.

ಯೇಸುವಿನ ಅರಸುತನವು ಎಂಥದೆಂಬುದಕ್ಕೆ ಅವನ ಸಾವೇ ಸಾಕ್ಷಿಯೆಂದು ಕ್ರೈಸ್ತರು ಹೇಳುತ್ತಾರೆ. ಅಲ್ಲಿಯೂ ಒಂದು ಶಾಸನವಿತ್ತು. ಇವನು ಯೆಹೂದ್ಯರ ಅರಸನೆಂದು ಹೀಯಾಳಿಸುವುದಕ್ಕಾಗಿ ಪಿಲಾತನು ಮೂರು ಭಾಷೆಗಳಲ್ಲಿ ಬರೆಯಿಸಿ ಶಿಲುಬೆಯ ಮೇಲೆ ಹಚ್ಚಿಸಿದ ಹಲಗೆ ಅದು. ಸತ್ತ ಆಳಿನಿಂದ ಅರಸನಿಗೆ ಕೀರ್ತಿ ಬರುವುದು ಬೇಗೂರಿನ ಕಲ್ಲಿನಲ್ಲಿ. ಇಲ್ಲಿ ಆಳುಗಳೆಲ್ಲ ಓಡಿಹೋಗಿ ಅರಸನೇ ಸತ್ತನು. ಅದಕ್ಕೆ ಹಿಂದಿನ ರಾತ್ರಿ ಅವನು ನಡುವಿಗೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದಿದ್ದನು. ಲೋಕದ ದೊರೆಗಳು ಜನರ ಮೇಲೆ ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ ಎಂಬುದು ಅವನ ಬೋಧನೆ. ಇಲ್ಲಿ ನಮ್ಮ ಭಾಷೆಯ ಒಂದು ಸೊಗಸನ್ನು ಹೇಳಬೇಕು. ಆಳು ಎಂಬ ಮಾತು ಕನ್ನಡದಲ್ಲಿ ಕ್ರಿಯಾಪದವಾದರೆ ಅರಸನ ಕೆಲಸ, ನಾಮಪದವಾದರೆ ಕೂಲಿಯವನು. ಬೇರೆ ಭಾಷೆಗಳಲ್ಲಿ ಪಾದ್ರಿಗಳು ಗಂಟೆಗಟ್ಟಲೆ ವಿವರಿಸಬೇಕಾದುದನ್ನು ಕನ್ನಡವು ಎರಡು ಅಕ್ಷರಗಳಲ್ಲಿ ಬಚ್ಚಿಟ್ಟುಕೊಂಡಿದೆ.

ಹಾಗಾದರೆ ಯಾರ ರಾಜ್ಯ ಹೋಗಬೇಕು? ಅಜ್ಜಿಯವರ ಪ್ರಶ್ನೆಗೆ ಉತ್ತರವು ಆ ಪ್ರಾರ್ಥನೆಯಲ್ಲಿಯೇ ಇದೆಯೆಂದು ನಾವು ತಿಳಿಯುತ್ತೇವೆ. ದೇವರ ಚಿತ್ತವು ನಡೆಯಲಿ ಎಂದವನು ತನ್ನ ಚಿತ್ತವನ್ನು ಬಿಟ್ಟುಕೊಡಬೇಕು. ಮೊದಲು ಹೋಗಬೇಕಾದುದು ಬೇಡುವವನದೇ ಚಿಕ್ಕ ರಾಜ್ಯ. ನನ್ನ ಮನೆ, ನನ್ನ ಮಾತು, ನನ್ನ ಲೆಕ್ಕ ಎಂದು ಅವನು ಆಳುತ್ತಿರುವುದು. ಆ ಪ್ರಾರ್ಥನೆಯು ರಾಜ್ಯದ ಮಾತು ಮುಗಿದೊಡನೆ ಏನನ್ನು ಕೇಳುತ್ತದೆಂಬುದನ್ನೂ ನೋಡಬೇಕು. ಅದು ಕೋಟೆಯನ್ನಾಗಲಿ ಕಪ್ಪವನ್ನಾಗಲಿ ಕೇಳುವುದಿಲ್ಲ. ಅಂದಿನ ಮಟ್ಟಿಗೆ ಬೇಕಾದ ಅನ್ನವನ್ನು ಕೇಳುತ್ತದೆ. ಆಮೇಲೆ ಕ್ಷಮೆಯನ್ನು ಕೇಳುತ್ತದೆ. ಅದೂ ತಮಗೆ ತಪ್ಪಿದವರನ್ನು ತಾವು ಕ್ಷಮಿಸಿದ್ದೇವೆಂಬ ಒಪ್ಪಂದದ ಮೇಲೆ. ಮತ್ತಾಯನ ಗ್ರೀಕಿನಲ್ಲಿ ಅಲ್ಲಿರುವುದು ಸಾಲವೆಂಬ ಮಾತು. ದಿನವೂ ಸಂಜೆ ಇದನ್ನು ಗಟ್ಟಿಯಾಗಿ ಹೇಳಿಕೊಳ್ಳುವವರು ಅದರಂತೆ ನಡೆಯುತ್ತಾರೋ ಇಲ್ಲವೋ ಎಂಬುದನ್ನು ಕೆಳಗಿನ ಮನೆಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೊಮ್ಮಗಳನ್ನು ಮಹಡಿಗೆ ಕಳುಹಿಸಬಹುದೇ ಎಂಬುದನ್ನು ಅಜ್ಜಿಯವರು ಆ ಅಳತೆಯಿಂದ ತೀರ್ಮಾನಿಸುವುದು ಲೇಸು, ರಾಜ್ಯವೆಂಬ ಮಾತಿನಿಂದಲ್ಲ.

ಯೇಸುವಿನ ಉಪಮಾನಗಳಲ್ಲಿ ಬೇಗೂರಿನವರಿಗೆ ಎಲ್ಲಕ್ಕಿಂತ ಹತ್ತಿರವಾದುದು ಇನ್ನೊಂದಿದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ ಮೇಲೆ, ಆ ಸೀಮೆಯಲ್ಲಿ ಕಟ್ಟಡದ ಕೆಲಸವು ನಿಂತು ಹೋದ ದಿನವಿಲ್ಲ. ಬೆಳಗಿನ ಜಾವ ಹೊಸೂರು ರಸ್ತೆಯ ಕೂಡುದಾರಿಗಳಲ್ಲಿ ರಾಯಚೂರು, ಕಲಬುರಗಿಗಳಿಂದ ಬಂದವರೂ ಉತ್ತರದ ಸೀಮೆಗಳವರೂ ಬುತ್ತಿಯ ಡಬ್ಬಿ ಹಿಡಿದು ಕೂಲಿಗೆ ನಿಂತಿರುತ್ತಾರೆ. ಮೇಸ್ತ್ರಿ ಬಂದು ಗಟ್ಟಿಮುಟ್ಟಾದವರನ್ನು ಆರಿಸಿಕೊಂಡು ಹೋಗುತ್ತಾನೆ. ಹೊತ್ತೇರಿದ ಮೇಲೂ ಅಲ್ಲಿಯೇ ಉಳಿದಿರುವವರು ಯಾರೆಂದು ನೋಡಿದರೆ, ವಯಸ್ಸಾದವರು, ಮೈಯಲ್ಲಿ ಬಲವಿಲ್ಲದವರು, ಸೊಂಟದಲ್ಲಿ ಕೂಸಿರುವ ತಾಯಂದಿರು. ದೇವರ ರಾಜ್ಯವು ದ್ರಾಕ್ಷಿತೋಟದ ಒಡೆಯನೊಬ್ಬನನ್ನು ಹೋಲುತ್ತದೆಂದು ಯೇಸುವು ಹೇಳಿದನು. ಅವನು ಬೆಳಗಿನ ಜಾವ ಸಂತೆಬೀದಿಗೆ ಹೋಗಿ, ದಿನಕ್ಕೆ ಒಂದು ದಿನಾರಿಯೆಂದು ಗೊತ್ತುಮಾಡಿ ಆಳುಗಳನ್ನು ಕರೆತಂದನು. ಒಂಬತ್ತು ಗಂಟೆಗೆ ಮತ್ತೆ ಹೋದನು, ಮಧ್ಯಾಹ್ನ ಹೋದನು, ಮೂರು ಗಂಟೆಗೆ ಹೋದನು, ಸಂಜೆ ಐದರ ಹೊತ್ತಿಗೂ ಹೋದನು. ಆಗಲೂ ಅಲ್ಲಿ ಕೆಲವರು ನಿಂತಿದ್ದರು. ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದನು. ಯಾರೂ ನಮ್ಮನ್ನು ಕರೆಯಲಿಲ್ಲ ಎಂದರು. ಅವರನ್ನೂ ತೋಟಕ್ಕೆ ಕಳುಹಿಸಿದನು.

ಹೊತ್ತು ಮುಳುಗಿದ ಮೇಲೆ ಬಟವಾಡೆಯಾಯಿತು. ಕಡೆಗೆ ಬಂದವರಿಗೆ ಮೊದಲು ಕೊಡಿಸಿದನು. ಅವರಿಗೂ ಒಂದು ದಿನಾರಿ. ಒಂದು ಮನೆಗೆ ಒಂದು ದಿನದ ಊಟಕ್ಕೆ ಬೇಕಾದುದು ಅಷ್ಟು. ಒಂದು ಗಂಟೆ ದುಡಿದವನ ಮಕ್ಕಳಿಗೇನೂ ಹಸಿವು ಹನ್ನೆರಡರಲ್ಲಿ ಒಂದು ಪಾಲಲ್ಲ. ಬಿಸಿಲಿನಲ್ಲಿ ದಿನವೆಲ್ಲ ದುಡಿದವರಿಗೂ ಅದೇ ಒಂದು ದಿನಾರಿ ಬಂದಾಗ ಅವರು ಗೊಣಗಿದರು. ಇದು ಅನ್ಯಾಯವೆಂದು ಮೊದಲು ಓದಿದವರಿಗೆಲ್ಲ ತೋರುತ್ತದೆ. ನಮಗೂ ಪ್ರತಿಸಲ ಓದುವಾಗಲೂ ಒಂದು ಕ್ಷಣ ಹಾಗೆಯೇ ತೋರುತ್ತದೆ. ಒಡೆಯನು ಅವರಲ್ಲೊಬ್ಬನನ್ನು ಗೆಳೆಯಾ ಎಂದು ಕರೆದು, ಮಾತನಾಡಿದ ಕೂಲಿಯಲ್ಲಿ ನಿನಗೆ ಕಾಸೂ ಕಡಮೆಮಾಡಲಿಲ್ಲವಲ್ಲ, ನಾನು ಒಳ್ಳೆಯವನಾದುದು ನಿನ್ನ ಕಣ್ಣಿಗೆ ಉರಿಯೋ ಎಂದು ಕೇಳಿದನು. ಅವನು ಅದಕ್ಕೆ ಏನೆಂದನು, ದಿನಾರಿಯನ್ನು ಸೆರಗಿಗೆ ಕಟ್ಟಿಕೊಂಡು ಮಾರನೆಯ ಬೆಳಗ್ಗೆ ಅದೇ ಬೀದಿಗೆ ಬಂದನೋ ಇಲ್ಲವೋ, ಸುವಾರ್ತೆಯಲ್ಲಿ ಬರೆದಿಲ್ಲ.